ಬಾನೆಟ್ ಒಳಗಿನ ಕಪ್ಪು: ಹಳೆಯ ಕಾರಿಗೆ ಬಣ್ಣ ಆರಿಸುವ ಬಗೆ

"ಕಪ್ಪು ತಾನೇ ಸಾರ್, ಯಾವುದಾದ್ರೂ ಆಗ್ತದೆ" ಎಂದು ಅಂಗಡಿಯವರು ನಾಲ್ಕು ಸ್ಪ್ರೇ ಡಬ್ಬಿ ಕವರಿಗೆ ಹಾಕಿ ಕೊಟ್ಟಿದ್ದರು. 650 ಡಿಗ್ರಿ ಶಾಖ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಎಂಜಿನ್ ಪಕ್ಕದ ಜಾಗಕ್ಕೆ ಇದಕ್ಕಿಂತ ಗಟ್ಟಿ ಪೇಂಟ್ ಇನ್ನೇನಿದ್ದೀತು ಎಂದುಕೊಂಡೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಶೆಡ್ಡಿನಲ್ಲಿ, ಜುಲೈ ತಿಂಗಳಲ್ಲಿ ಮಳೆ ಹೊಳವಾದ ಒಂದು ಮಧ್ಯಾಹ್ನ, ಅಪ್ಪಯ್ಯನ ಕಾಲದ ಫಿಯೆಟ್ ಕಾರಿನ ಎಂಜಿನ್ ಇಳಿಸಿಟ್ಟು ಬಾನೆಟ್ ಒಳಭಾಗಕ್ಕೆಲ್ಲ ಅದನ್ನೇ ಹೊಡೆದೆ. ಬೆಳಿಗ್ಗೆ ಎದ್ದು ನೋಡಿದರೆ ತಗಡಿನ ಮೇಲೆ ಅಲ್ಲಲ್ಲಿ ಬೂದಿ ಬಳಿದಂತೆ ಬೆಳ್ಳಗಾಗಿತ್ತು. ಒರೆಸಿದರೂ ಹೋಗಲಿಲ್ಲ. ದೀಪಾವಳಿ ಹೊತ್ತಿಗೆ ಬ್ರೇಕ್ ಆಯಿಲ್ ಡಬ್ಬಿಯ ಕೆಳಗಿನ ಪೇಂಟ್ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ, ಬೆರಳು ತಾಗಿಸಿದರೆ ಎದ್ದು ಬರುತ್ತಿತ್ತು. ಮುಂದಿನ ಮಳೆಗಾಲ ಕಳೆಯುವಾಗ ಅಲ್ಲಿ ತುಕ್ಕು ಹಿಡಿದಿತ್ತು.

ಎಲ್ಲವನ್ನೂ ಕೆರೆದು ತೆಗೆದು ಎರಡನೇ ಸಲ ಮಾಡಿದೆ. ಆ ಎರಡನೇ ಸಲ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದು ಫಿಯೆಟ್ ಆಗಿರಲಿ, ಅಂಬಾಸಿಡರ್ ಆಗಿರಲಿ, ತೋಟದ ಹಳೇ ಜೀಪೇ ಆಗಿರಲಿ, ಕ್ರಮ ಇದೇ. ಪೇಂಟ್ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಮೂರು ವಿಷಯ ನಿಮ್ಮಲ್ಲೇ ತೀರ್ಮಾನವಾಗಿರಬೇಕು: ಯಾವ ಭಾಗಕ್ಕೆ ಕಪ್ಪು, ಎಷ್ಟು ಹೊಳಪಿನ ಕಪ್ಪು, ಯಾವ ಜಾತಿಯ ಪೇಂಟ್. ಇವು ಗೊತ್ತಿಲ್ಲದೆ ಹೋದರೆ ಕೈಗೆ ಸಿಕ್ಕಿದ ಡಬ್ಬಿಯೇ ನಿಮ್ಮ ಕಾರಿನ ಬಣ್ಣವಾಗುತ್ತದೆ.

ಮೊದಲು ಅಸಲು ಬಣ್ಣ ಹುಡುಕಿ

ಎಂಜಿನ್ ಸುತ್ತಲಿನ ತಗಡೆಲ್ಲ ಕಪ್ಪೇ ಇರಬೇಕು ಎಂದು ಬಹಳ ಜನ ನಂಬಿದ್ದಾರೆ. ನಮ್ಮಲ್ಲಿ ಓಡಾಡಿದ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಮಡ್‌ಗಾರ್ಡಿನ ಒಳಬದಿಗೆ, ಡ್ಯಾಶ್‌ಬೋರ್ಡ್ ಹಿಂದಿನ ಫೈರ್‌ವಾಲ್‌ಗೆ ಬಾಡಿಯ ಬಣ್ಣವೇ ಇರುತ್ತಿತ್ತು. ಬಿಡಿ ಭಾಗಗಳು ಮಾತ್ರ ಕಪ್ಪು. ಆಮೇಲೆ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಆದಾಗ ಒಳಗಿನದನ್ನೂ ಕಪ್ಪಲ್ಲಿ ಮುಚ್ಚಿಬಿಡುವುದು ರೂಢಿಯಾಯಿತು. ಎಣ್ಣೆ ಕಲೆ ಕಾಣುವುದಿಲ್ಲ, ಬೆಸುಗೆ ಹಾಕಿದ್ದೂ ಕಾಣುವುದಿಲ್ಲ.

ನಿಮ್ಮ ಕಾರಿನ ಸತ್ಯ ನಿಮ್ಮ ಕಾರಿನಲ್ಲೇ ಅಡಗಿರುತ್ತದೆ. ಬಾನೆಟ್ ಹಿಂಜಿನ ಅಡಿ, ವೋಲ್ಟೇಜ್ ರೆಗ್ಯುಲೇಟರಿನ ಹಿಂದೆ, ಹಾರ್ನ್ ಕೂರಿಸಿದ ಪಟ್ಟಿಯ ಕೆಳಗೆ, ರಬ್ಬರ್ ಬೀಡಿಂಗಿನ ಅಡಿ, ವೈರಿಂಗ್ ಕ್ಲಿಪ್ ಕಚ್ಚಿದ್ದ ಜಾಗ: ಇಲ್ಲೆಲ್ಲ ಸೂರ್ಯನೂ ತಲುಪಿರುವುದಿಲ್ಲ, ಕೆರೆಯುವವರ ಕೈಯೂ ತಲುಪಿರುವುದಿಲ್ಲ. ಬೆರಳಗಲದ ಜಾಗದಲ್ಲಿ 400 ನಂಬರಿನ ವಾಟರ್ ಪೇಪರ್ ಹಿಡಿದು, ನೀರು ಹಾಕಿ ಮೆತ್ತಗೆ ಉಜ್ಜಿ. ಪದರಗಳು ಒಂದೊಂದಾಗಿ, ಮರದ ಕೊರಡಿನ ಸುತ್ತುಗಳಂತೆ, ಬಿಚ್ಚಿಕೊಳ್ಳುತ್ತವೆ. ನಮ್ಮ ಫಿಯೆಟ್‌ನಲ್ಲಿ ರೆಗ್ಯುಲೇಟರಿನ ಹಿಂದೆ ಸಿಕ್ಕಿದ್ದು ಹೀಗೆ: ಮೇಲೆ ನನ್ನದೇ ಸ್ಪ್ರೇ, ಅದರಡಿ ಯಾರೋ ಬ್ರಷ್ಷಲ್ಲಿ ಹಚ್ಚಿದ ಎನಾಮೆಲ್, ಅದರಡಿ ತೆಳ್ಳಗಿನ ಹೊಳಪುಗಪ್ಪು, ಕೊನೆಗೆ ಪ್ರೈಮರ್. ಕಾರು ಮೊದಲಿಂದ ಕಪ್ಪೇ ಆಗಿದ್ದರಿಂದ ತಗಡಿಗೆ ಹೊಳಪುಗಪ್ಪು ಸರಿ ಎಂದು ಖಾತ್ರಿಯಾಯಿತು. ನಿಮ್ಮದು ಬಿಳಿ ಕಾರೋ ಬೂದು ಬಣ್ಣದ ಕಾರೋ ಆಗಿದ್ದು, ಕೆಳಪದರದಲ್ಲಿ ಆ ಬಣ್ಣವೇ ಸಿಕ್ಕರೆ, ದಯವಿಟ್ಟು ಅದನ್ನೇ ಹೊಡೆಸಿ. ಕಪ್ಪನ್ನು ಬಿಡಿ ಭಾಗಗಳಿಗೆ ಇಟ್ಟುಕೊಳ್ಳಿ.

ಇದು ಬರೀ ಅಂದದ ಮಾತಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡು ಬಂದ ಗಾಡಿಗೆ ಬೇರೆ ಬಗೆಯ ನೋಂದಣಿ ಸಿಗುತ್ತದೆ. ಫಿಯೆಟ್ 1100 ಡಿಲೈಟ್ ಇಲ್ಲಿ ತಯಾರಾಗತೊಡಗಿದ್ದು 1964ರಲ್ಲಿ. ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಲೆಕ್ಕ ಹಾಕಿ ನೋಡಿದರೆ ನಮ್ಮೂರ ಶೆಡ್ಡುಗಳಲ್ಲಿ ಅಡಿಕೆ ಚೀಲದಡಿ ಮಲಗಿರುವ ಎಷ್ಟೋ ಕಾರುಗಳು ಆ ವಯಸ್ಸು ಮುಟ್ಟಿವೆ.

ಕೆರೆಯುವ ಮೊದಲು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದಲ್ಲ, ನೂರು. ಯಾವ ಕ್ಲಿಪ್ ಎಲ್ಲಿತ್ತು, ಯಾವ ಬೋಲ್ಟ್ ಕಪ್ಪು, ಯಾವುದು ಬಿಳಿ ಲೋಹ ಎನ್ನುವುದು ಎರಡು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ಹೊಳಪು ಎಷ್ಟು

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಮೂವತ್ತು ವರ್ಷದಿಂದ ಸ್ಪ್ರೇ ಗನ್ ಹಿಡಿದಿರುವ ಪೇಂಟರ್ ಭಾಯ್ ಒಬ್ಬರಿದ್ದಾರೆ. ಎರಡನೇ ಸಲ ಅವರ ಹತ್ತಿರ ಹೋಗಿ ಕಪ್ಪು ಬೇಕು ಎಂದೆ. "ಯಾವ ಕಪ್ಪು ಸಾರ್? ಕನ್ನಡಿ ಕಪ್ಪಾ, ಬೀಟೆ ಕಪ್ಪಾ, ಮಸಿ ಕಪ್ಪಾ?" ಎಂದು ಕೇಳಿದರು. ಇಷ್ಟು ಚೆನ್ನಾಗಿ ಇದನ್ನು ಬೇರೆ ಯಾರೂ ನನಗೆ ಹೇಳಿರಲಿಲ್ಲ.

ಕನ್ನಡಿ ಕಪ್ಪು ಎಂದರೆ ಫುಲ್ ಗ್ಲಾಸ್, ಅಂದರೆ ಪೂರ್ತಿ ಹೊಳಪು, ಮುಖ ಕಾಣುವಂಥದ್ದು. ಬೀಟೆ ಕಪ್ಪು ಎಂದರೆ ಸ್ಯಾಟಿನ್ ಅಥವಾ ಸೆಮಿ ಗ್ಲಾಸ್, ಹಳೇ ಮನೆಯ ಬೀಟೆ ಕಂಬವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಬರುವ ಮಂದ ಹೊಳಪು. ಮಸಿ ಕಪ್ಪು ಎಂದರೆ ಮ್ಯಾಟ್, ಒಲೆ ಮೇಲಿನ ಹಂಡೆಯ ಹೊರಮೈ. ಪೇಂಟ್ ಕಂಪನಿಗಳು ಇದನ್ನು 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು ಅಳೆಯುತ್ತವೆ. ಬರುವ ಹೊಳಪಿನ ಅಂಕಿ ಹೆಚ್ಚುಕಡಿಮೆ 80ರ ಮೇಲಿದ್ದರೆ ಗ್ಲಾಸ್, 30ರ ಆಸುಪಾಸು ಸ್ಯಾಟಿನ್, 10ರ ಕೆಳಗೆ ಮ್ಯಾಟ್. ಡಬ್ಬಿಯ ಮೇಲೆ ಬರೀ "ಸ್ಯಾಟಿನ್" ಎಂದಿದ್ದರೆ ನಂಬಬೇಡಿ. ಒಂದು ಕಂಪನಿಯ ಸ್ಯಾಟಿನ್ ಇನ್ನೊಂದರ ಸೆಮಿ ಗ್ಲಾಸ್ ಆಗಿರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಕಪ್ಪು ಪೇಂಟಿನಲ್ಲಿ ಬಣ್ಣ ಕೊಡುವುದು ಕಾರ್ಬನ್ ಬ್ಲ್ಯಾಕ್, ಅಂದರೆ ಎಣ್ಣೆಯನ್ನೋ ಅನಿಲವನ್ನೋ ಅರೆಬರೆ ಉರಿಸಿ ತೆಗೆದ ನಯವಾದ ಇಂಗಾಲದ ಪುಡಿ. ಅಮ್ಮ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ತೆಗೆಯುತ್ತಿದ್ದ ಕಾಡಿಗೆಯ ದೊಡ್ಡಮ್ಮನ ಮಗಳು ಅದು. ಪುಡಿ ಎಷ್ಟು ನಯ, ಎಣ್ಣೆಯಲ್ಲಿ ಎಷ್ಟು ಚೆನ್ನಾಗಿ ಅರೆದಿದ್ದಾರೆ ಎನ್ನುವುದರ ಮೇಲೆ ಒಂದು ಕಪ್ಪು ನೀಲಿಗೆ ವಾಲುತ್ತದೆ, ಇನ್ನೊಂದು ಕಂದಿಗೆ ವಾಲುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಅಡಿ ಇದು ಕಾಣುವುದೇ ಇಲ್ಲ. ಬಿಸಿಲಿಗೆ ತಂದು ಎರಡನ್ನೂ ಪಕ್ಕಪಕ್ಕ ಇಟ್ಟರೆ ತಕ್ಷಣ ಕಾಣುತ್ತದೆ. ಹಾಗಾಗಿ ಎಲ್ಲಾ ಬಿಡಿ ಭಾಗಗಳಿಗೂ ಒಂದೇ ಡಬ್ಬಿಯ ಪೇಂಟ್, ಸಾಧ್ಯವಾದರೆ ಒಂದೇ ದಿನ.

ಯಾವುದು ಎಲ್ಲಿಗೆ? ಬಾಡಿಯೇ ಕಪ್ಪಾಗಿದ್ದರೆ ತಗಡಿಗೆ ಗ್ಲಾಸ್. ಆದರೆ ಹೊರಗಿನ ಬಾಗಿಲಿನಷ್ಟು ಪಾಲಿಶ್ ಬೇಡ, ಗನ್ನಿಂದ ಬಂದ ಹೊಳಪೇ ಸಾಕು. ಬ್ಯಾಟರಿ ಟ್ರೇ, ಏರ್ ಕ್ಲೀನರ್ ಡಬ್ಬ, ಹಾರ್ನ್ ಪಟ್ಟಿ, ರೇಡಿಯೇಟರ್ ಹಿಡಿಯುವ ಚೌಕಟ್ಟು, ಸ್ಟೀರಿಂಗ್ ಬಾಕ್ಸು, ಫ್ಯಾನ್, ಪುಲ್ಲಿ, ಬ್ರಾಕೆಟ್‌ಗಳಿಗೆ ಸ್ಯಾಟಿನ್. ಸಂಶಯ ಬಂದಾಗಲೆಲ್ಲ ಸ್ಯಾಟಿನ್ ಕಡೆ ವಾಲಿ. ಮ್ಯಾಟ್ ಫೋಟೊದಲ್ಲಿ ಚೆಂದ, ಮಲೆನಾಡಿನಲ್ಲಿ ಕಷ್ಟ. ಅದರ ಮೈ ಒರಟು. ಅಡಿಕೆ ತೋಟದ ದಾರಿಯ ಕೆಂಪು ಧೂಳು ಅದರೊಳಗೆ ಕೂತುಬಿಡುತ್ತದೆ, ಎಣ್ಣೆ ಬೆರಳಿನ ಗುರುತು ಹೋಗುವುದಿಲ್ಲ, ಮಳೆಗಾಲದಲ್ಲಿ ಕಾರು ಎರಡು ತಿಂಗಳು ನಿಂತರೆ ಬೂಷ್ಟು ಹಿಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಉಜ್ಜಿದ ಜಾಗ ಮಾತ್ರ ಹೊಳೆಯತೊಡಗುತ್ತದೆ.

ರೇಡಿಯೇಟರಿಗೆ ಮಾತ್ರ ಮ್ಯಾಟ್ ಒಪ್ಪುತ್ತದೆ, ಅದೂ ಹೊಗೆ ಸುಳಿದಷ್ಟು ತೆಳ್ಳಗೆ. ಫಿನ್ನುಗಳ ಮೇಲೆ ದಪ್ಪಗೆ ಪೇಂಟ್ ಕೂತರೆ ಗಾಳಿ ಹೋಗುವ ಸಂದು ಕಟ್ಟಿ, ಆಗುಂಬೆ ಘಾಟಿ ಹತ್ತುವಾಗ ಅದರ ಫಲ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಬಣ್ಣ ಹಚ್ಚಬೇಡಿ. ತೊಳೆದು, ಬ್ರಷ್ ಮಾಡಿ, ಹಾಗೇ ಬಿಡಿ. ಬೋಲ್ಟುಗಳಿಗೆ ಬ್ಲ್ಯಾಕೊಡೈಸಿಂಗ್, ಅಂದರೆ ರಾಸಾಯನಿಕದಲ್ಲಿ ಅದ್ದಿ ಕಬ್ಬಿಣದ ಮೈಯನ್ನೇ ಕಪ್ಪಾಗಿಸುವುದು, ಮಾಡಿಸುವ ಆಸೆ ಎಲ್ಲರಿಗೂ ಬರುತ್ತದೆ. ಎಣ್ಣೆ ಒರೆಸುತ್ತಾ ಇರದಿದ್ದರೆ ನಮ್ಮ ಹವೆಯಲ್ಲಿ ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಜಿಂಕ್ ಪ್ಲೇಟಿಂಗ್ ಮಾಡಿಸಿ.

ಪೇಂಟಿನ ಜಾತಿ

ಮೊದಲು ಆ 650 ಡಿಗ್ರಿ ವಿಷಯ, ಏಕೆಂದರೆ ಅಲ್ಲೇ ಹೆಚ್ಚು ಜನ ದುಡ್ಡು ಕಳೆಯುತ್ತಾರೆ. ಶಾಖ ತಡೆಯುವ ಪೇಂಟ್ ಸಿಲಿಕೋನ್ ಅಂಟಿನಿಂದ ಮಾಡಿದ್ದು. ಅದು ಪೂರ್ತಿ ಗಟ್ಟಿಯಾಗುವುದು ಬೆಂದ ಮೇಲೆ. ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಹಚ್ಚಿ, ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ಮತ್ತೆ ಹೆಚ್ಚು ಹೊತ್ತು ಓಡಿಸಿ, ಹೀಗೆ ಹಂತಹಂತವಾಗಿ ಕಾಯಿಸಿದರೆ ಅದು ಕಲ್ಲಾಗುತ್ತದೆ. ಮಡ್‌ಗಾರ್ಡಿನ ಒಳಬದಿ ಆ ಬಿಸಿಯನ್ನು ಎಂದೂ ಕಾಣುವುದಿಲ್ಲ. ಎಂಜಿನ್ನಿನೊಳಗಿನ ನೀರೇ 80-90 ಡಿಗ್ರಿಯಲ್ಲಿರುವಾಗ ಪಕ್ಕದ ತಗಡು ಎಷ್ಟು ಕಾದೀತು? ಅಲ್ಲಿ ಆ ಪೇಂಟ್ ಹಸಿಯಾಗೇ ಉಳಿದು, ಪೆಟ್ರೋಲ್ ಬಿದ್ದರೆ ಕರಗುತ್ತದೆ, ತೇವವನ್ನು ಒಳಗೆ ಬಿಡುತ್ತದೆ. ನನ್ನದು ಆಗಿದ್ದು ಅದೇ. ಆ ಡಬ್ಬಿ ಮ್ಯಾನಿಫೋಲ್ಡಿಗೆ ಮಾತ್ರ.

ಉಳಿದಂತೆ ನಮ್ಮ ಅಂಗಡಿಗಳಲ್ಲಿ ಸಿಗುವುದು ನಾಲ್ಕು ಬಗೆ.

ಎನ್‌ಸಿ, ಅಂದರೆ ನೈಟ್ರೊಸೆಲ್ಯುಲೋಸ್, ಹಳಬರು ಡ್ಯೂಕೊ ಎನ್ನುವುದು. ನಿಮಿಷಗಳಲ್ಲಿ ಒಣಗುತ್ತದೆ, ಪಾಲಿಶ್ ಚೆನ್ನಾಗಿ ಬರುತ್ತದೆ. ಆದರೆ ಪೆಟ್ರೋಲಿಗೂ ಥಿನ್ನರಿಗೂ ಮತ್ತೆ ಕರಗುತ್ತದೆ, ತೇವದ ಗಾಳಿಯಲ್ಲಿ ಬೆಳ್ಳಗಾಗುತ್ತದೆ. ಬಾನೆಟ್ ಒಳಗೆ ಬೇಡ.

ಸಿಂಥೆಟಿಕ್ ಎನಾಮೆಲ್. ಗೇಟು, ಗ್ರಿಲ್ಲಿಗೆ ಹಚ್ಚುವ ಅದೇ ಜಾತಿ. ಚಾಸಿ ಬ್ಲ್ಯಾಕ್ ಎಂದು ಮಾರುವುದೂ ಬಹುತೇಕ ಇದರ ಬಳಗವೇ. ನಿಧಾನಕ್ಕೆ ಒಣಗುತ್ತದೆ, ಬ್ರಷ್ಷಲ್ಲೂ ಹಚ್ಚಬಹುದು, ಮುಂದೆ ಗೀರಾದರೆ ಮನೆಯಲ್ಲೇ ಸರಿ ಮಾಡಬಹುದು. ಪೆಟ್ರೋಲಿಗೆ ಮೆತ್ತಗಾಗುತ್ತದೆ. ದುಡಿಯುವ ಜೀಪಿಗೆ, ಕೆಳಗಿನ ಬ್ರಾಕೆಟ್ಟಿಗೆ ಇದು ಪ್ರಾಮಾಣಿಕ ಪೇಂಟ್. ಇದನ್ನು ಕೀಳಾಗಿ ನೋಡಬೇಡಿ.

ಪಿಯು, ಅಂದರೆ ಪಾಲಿಯುರೆಥೇನ್, ಅಂಗಡಿಯಲ್ಲಿ 2ಕೆ ಎನ್ನುತ್ತಾರೆ. ಪೇಂಟ್ ಒಂದು ಡಬ್ಬಿ, ಹಾರ್ಡನರ್ ಇನ್ನೊಂದು. ಎರಡೂ ಸೇರಿ ರಾಸಾಯನಿಕವಾಗಿ ಗಟ್ಟಿಯಾಗುವುದರಿಂದ ಪೆಟ್ರೋಲ್, ಎಂಜಿನ್ ಆಯಿಲ್‌ಗೆ ಜಗ್ಗುವುದಿಲ್ಲ. ಬ್ರೇಕ್ ಆಯಿಲ್ ಬಿದ್ದರೂ ಕೂಡಲೇ ನೀರು ಹಾಕಿ ತೊಳೆದರೆ ಉಳಿದುಕೊಳ್ಳುತ್ತದೆ. ತಗಡಿಗೆ ನನ್ನ ಆಯ್ಕೆ ಇದೇ. ಸ್ಯಾಟಿನ್ ಬೇಕಿದ್ದರೆ ಇದಕ್ಕೇ ಮ್ಯಾಟಿಂಗ್ ಏಜೆಂಟ್ ಎಂಬ ಹೊಳಪು ತಗ್ಗಿಸುವ ಪುಡಿ ಬೆರೆಸಿ ಕೊಡುತ್ತಾರೆ. ಆ ಪುಡಿ ತಳಕ್ಕೆ ಇಳಿಯುತ್ತಿರುತ್ತದೆ. ಗನ್ನಿಗೆ ಸುರಿಯುವ ಮೊದಲು ಪ್ರತಿ ಸಲ ಕದಡದಿದ್ದರೆ ಒಂದು ಬ್ರಾಕೆಟ್ ಹೊಳೆಯುತ್ತದೆ, ಇನ್ನೊಂದು ಮಂಕಾಗುತ್ತದೆ.

ಕಪ್ಪು ಎಪಾಕ್ಸಿ. ತುಕ್ಕು, ಎಣ್ಣೆ, ರಾಸಾಯನಿಕ ಎಲ್ಲಕ್ಕೂ ಗಟ್ಟಿ. ಬಿಸಿಲಿಗೆ ಮಾತ್ರ ಸುಣ್ಣ ಹಿಡಿದಂತಾಗುತ್ತದೆ. ಬಾನೆಟ್ ಒಳಗೆ ಬಿಸಿಲೇ ಇಲ್ಲವಲ್ಲ! ಬ್ಯಾಟರಿ ಟ್ರೇ ಮತ್ತು ಅದರ ಕೆಳಗಿನ ತಗಡಿಗೆ ಇದನ್ನು ಧೈರ್ಯವಾಗಿ ಬಳಸಿ.

ಬಿಚ್ಚಿ ತೆಗೆಯಬಹುದಾದ ಕಬ್ಬಿಣದ ಸಣ್ಣ ಭಾಗಗಳಿಗೆ ಪೌಡರ್ ಕೋಟಿಂಗ್ ಕೂಡ ಒಳ್ಳೆಯದು. ಭಾಗವನ್ನು 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ, ಹಾಗಾಗಿ ರಬ್ಬರ್ ಬುಷ್, ಪುಟ್ಟಿ, ಸೀಸದ ಬೆಸುಗೆ ಇರುವುದನ್ನು ಕೊಡಬೇಡಿ.

ಪಿಯು ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದರ ಮಂಜು ಉಸಿರಿಗೆ ಹೋದರೆ ಅಸ್ತಮಾ ಬರಬಹುದು, ಒಮ್ಮೆ ಅಂಟಿದರೆ ಮತ್ತೆ ಸ್ವಲ್ಪ ಸೋಕಿದರೂ ಉಸಿರು ಕಟ್ಟಬಹುದು. ಮುಖಕ್ಕೆ ಟವೆಲ್ ಸುತ್ತಿಕೊಂಡರೆ, ಕೊರೊನಾ ಕಾಲದ ಮಾಸ್ಕ್ ಹಾಕಿಕೊಂಡರೆ ಇದು ನಿಲ್ಲುವುದಿಲ್ಲ. ಸಾವಯವ ಆವಿಯನ್ನೂ ಪೇಂಟಿನ ಮಂಜನ್ನೂ ತಡೆಯುವ ಕಾರ್ಟ್ರಿಜ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಹೊಸ ಮಾಸ್ಕ್ ಕನಿಷ್ಠ ಬೇಕು. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಇದ್ದರೆ ಅದೇ ಸರಿ. ಕನ್ನಡಕ, ಕೈಗವಸು, ತುಂಬು ತೋಳಿನ ಅಂಗಿ ಕೂಡ. ಅದಿಲ್ಲದಿದ್ದರೆ ಮನೆಯ ಶೆಡ್ಡಿನಲ್ಲಿ ಪಿಯು ಹೊಡೆಯಬೇಡಿ. ತಯಾರಿಯೆಲ್ಲ ನೀವು ಮಾಡಿ, ಹೊಡೆಯುವುದನ್ನು ಸರಿಯಾದ ಬೂತ್ ಇರುವವರಿಗೆ ಬಿಡಿ. ಪೇಂಟರ್ ಬರೀ ಮೂಗಿಗೆ ಕೈವಸ್ತ್ರ ಕಟ್ಟಿಕೊಂಡು ಬಂದರೆ ಅವರಿಗೊಂದು ಮಾಸ್ಕ್ ಕೊಂಡು ಕೊಡಿ. ಇಡೀ ಕಾರಿನ ಖರ್ಚಿನಲ್ಲಿ ಅದೆಷ್ಟು ಮಹಾ.

ಜಗಲಿಯ ಮೇಲೆ ಪರೀಕ್ಷೆ

ಇಷ್ಟು ಓದಿದ ಮೇಲೂ ನೇರವಾಗಿ ಕಾರಿಗೆ ಹೊಡೆಯಬೇಡಿ. ಗುಜರಿಯಿಂದ ಹಳೇ ಬಾನೆಟ್ಟಿನದೋ ಬಾಗಿಲಿನದೋ ಒಂದು ತುಂಡು ತಗಡು ತನ್ನಿ. ನಿಮ್ಮ ಕಾರಿಗೆ ಏನು ತಯಾರಿ ಮಾಡುತ್ತೀರೋ ಅದೇ ತಯಾರಿ ಇದಕ್ಕೂ ಮಾಡಿ, ಅದೇ ಪ್ರೈಮರ್ ಹಾಕಿ, ಮೇಲೆ ನೀವು ಯೋಚಿಸಿರುವ ಮೂರೋ ನಾಲ್ಕೋ ಕಪ್ಪುಗಳನ್ನು ಅಂಗೈಯಗಲದ ಚೌಕಗಳಾಗಿ ಹೊಡೆಯಿರಿ. ಹಿಂದೆ ಸೀಮೆಸುಣ್ಣದಲ್ಲಿ ಹೆಸರು ಬರೆಯಿರಿ. ಒಂದು ವಾರ ಒಣಗಲು ಬಿಡಿ.

ನಾನು ಆ ತಗಡನ್ನು ಜಗಲಿಯ ತುದಿಯಲ್ಲಿ ಒರಗಿಸಿಟ್ಟಿದ್ದೆ. ಬೆಳಿಗ್ಗೆ ಹತ್ತರ ಬಿಸಿಲು ಅದರ ಮೇಲೆ ಬಿದ್ದಾಗ ನಾಲ್ಕು ಚೌಕದಲ್ಲಿ ಒಂದು ಚಹಾದ ಕಂದು ಬಣ್ಣಕ್ಕೆ ತಿರುಗಿತ್ತು. ಅಂಗಡಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ರೆಗ್ಯುಲೇಟರಿನ ಹಿಂದೆ ಸಿಕ್ಕ ಹಳೆಯ ಕಪ್ಪಿನ ಪಕ್ಕ ಹಿಡಿದು ನೋಡಿದೆ. ಸಂಜೆಯ ಬೆಳಕಿನಲ್ಲಿ ಮತ್ತೊಮ್ಮೆ ನೋಡಿದೆ. ಆಮೇಲೆ ಪ್ರತಿ ಚೌಕದ ಮೇಲೂ ಮೂರು ಹನಿ: ಒಂದು ಪೆಟ್ರೋಲ್, ಒಂದು ಎಂಜಿನ್ ಆಯಿಲ್, ಒಂದು ಬ್ರೇಕ್ ಆಯಿಲ್. ಹತ್ತು ನಿಮಿಷ ಬಿಟ್ಟು ಬಿಳಿ ಬಟ್ಟೆಯಲ್ಲಿ ಒರೆಸಿದರೆ ಎನ್‌ಸಿ ಚೌಕ ಪೆಟ್ರೋಲಿಗೇ ಬಟ್ಟೆಗೆ ಬಂತು. ಎನಾಮೆಲ್ ಬ್ರೇಕ್ ಆಯಿಲಿನಡಿ ಗುಳ್ಳೆ ಎದ್ದಿತು. ಪಿಯು ಹಾಗೇ ಇತ್ತು. ಕೊನೆಗೆ ಉಗುರಿನಿಂದ ಗೀರಿ, ಸೆಲ್ಲೊಟೇಪ್ ಒತ್ತಿ ಅಂಟಿಸಿ ಒಮ್ಮೆಲೇ ಕೀಳಿ. ಟೇಪಿನ ಜೊತೆ ಪೇಂಟ್ ಬಂದರೆ ತಪ್ಪು ತಯಾರಿಯಲ್ಲಿದೆ.

ಬ್ರೇಕ್ ಆಯಿಲ್ ಇಷ್ಟು ಕೆಟ್ಟದ್ದೇಕೆ ಎಂದರೆ ಸಾಮಾನ್ಯ ಡಾಟ್ 3, ಡಾಟ್ 4 ಆಯಿಲ್‌ಗಳು ಗ್ಲೈಕಾಲ್ ಜಾತಿಯವು. ಪೇಂಟಿನ ಪದರದೊಳಗೆ ಇಳಿದು ಅದನ್ನು ಉಬ್ಬಿಸುತ್ತವೆ. ಒಳ್ಳೆಯ ವಿಷಯ ಏನೆಂದರೆ ಅವು ನೀರಿನಲ್ಲಿ ಬೆರೆಯುತ್ತವೆ. ಚೆಲ್ಲಿದ ತಕ್ಷಣ ಬಟ್ಟೆಯಲ್ಲಿ ಉಜ್ಜುವ ಬದಲು ಚೊಂಬಿನಿಂದ ನೀರು ಸುರಿಯಿರಿ.

ಯಾವಾಗ ಹೊಡೆಯಬೇಕು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಪೇಂಟಿನ ಥಿನ್ನರ್ ಹಾರಿಹೋಗುವಾಗ ತಗಡಿನ ಮೈಯನ್ನು ತಣ್ಣಗೆ ಮಾಡುತ್ತದೆ. ಆ ತಣ್ಣನೆ ಮೈಮೇಲೆ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ಅದು ಪೇಂಟಿನೊಳಗೆ ಸಿಕ್ಕಿಕೊಂಡದ್ದೇ ಆ ಬೂದಿ ಬಣ್ಣ. ಗಾಳಿಯ ಆರ್ದ್ರತೆ ಶೇ. 85 ಮುಟ್ಟಿದರೆ ಗನ್ ಕೆಳಗಿಡಬೇಕು. ಶೇ. 70ರ ಕೆಳಗಿದ್ದರೆ ನೆಮ್ಮದಿ. ಅಂಗೈಯಗಲದ ಹೈಗ್ರೋಮೀಟರ್ ಒಂದನ್ನು ಶೆಡ್ಡಿನಲ್ಲಿ ನೇತುಹಾಕಿ. ಅದೂ ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ತಗಡಿನ ಮೇಲೊಂದು ಗೆರೆ ಎಳೆಯಿರಿ. ಹತ್ತು-ಹದಿನೈದು ನಿಮಿಷದಲ್ಲಿ ಆ ಒದ್ದೆ ಆರದಿದ್ದರೆ ಇವತ್ತು ಪೇಂಟಿನ ದಿನವಲ್ಲ.

ದೀಪಾವಳಿ ಕಳೆದ ಮೇಲೆ ಕಾಲ ಅನುಕೂಲವಾಗುತ್ತದೆ, ಆದರೆ ಡಿಸೆಂಬರ್-ಜನವರಿಯಲ್ಲಿ ನಮ್ಮ ಶೆಡ್ಡುಗಳು ಅಡಿಕೆಯವು. ಬೇಯಿಸುವ ಹಂಡೆಯ ಆವಿ, ಸೌದೆ ಹೊಗೆ, ಸುಲಿಯುವ ಯಂತ್ರದ ಧೂಳು ಎಲ್ಲ ಹಸಿ ಪೇಂಟಿನ ಮೇಲೆ ಬಂದು ಕೂರುತ್ತವೆ. ಅಡಿಕೆ ಮುಗಿದು, ಬೇಸಿಗೆಯ ಧೂಳು ಏಳುವ ಮೊದಲಿನ ಫೆಬ್ರವರಿ ನನಗೆ ಸಿಕ್ಕ ಅತ್ಯುತ್ತಮ ತಿಂಗಳು. ಬೆಳಗಿನ ಇಬ್ಬನಿ ಆರಿ, ತಗಡು ಕೈಗೆ ಬೆಚ್ಚಗೆ ತಾಗಿದ ಮೇಲೆ ಶುರು ಮಾಡಿ, ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿ. ಸಂಜೆಯ ಮಂಜು ಇಳಿಯುವಷ್ಟರಲ್ಲಿ ಪೇಂಟ್ ಕೈಗೆ ಅಂಟದಂತಾಗಿರಬೇಕು. ಕಂಪ್ರೆಸರಿನ ಟ್ಯಾಂಕಿನ ನೀರನ್ನು ಬೆಳಿಗ್ಗೆಯೇ ಬಿಟ್ಟು, ಗನ್ನಿನ ಮೊದಲು ನೀರು ಹಿಡಿಯುವ ಫಿಲ್ಟರ್ ಕೂರಿಸಿ.

ಕಪ್ಪಿನ ಕೆಳಗೆ

ತೊಳೆಯುವುದರಿಂದ ಶುರು. ಸೀಮೆಎಣ್ಣೆಯಲ್ಲಿ ಜಿಡ್ಡು ಕರಗಿಸಿ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಸೀಮೆಎಣ್ಣೆ ತಾನೇ ಒಂದು ಜಿಡ್ಡಿನ ಪದರ ಬಿಡುತ್ತದೆ. ಪಾತ್ರೆ ತೊಳೆಯುವ ಸೋಪಿನ ಬಿಸಿನೀರು, ನಂತರ ಪೂರ್ತಿ ಒಣಗಿಸುವುದು, ಕೊನೆಗೆ ಗ್ರೀಸ್ ರಿಮೂವರ್ ಹಾಕಿದ ಶುದ್ಧ ಬಟ್ಟೆ. ಬ್ಯಾಟರಿಯ ಸುತ್ತ ಅಡುಗೆ ಸೋಡಾ ಕದಡಿದ ನೀರು ಸುರಿದು ನೊರೆ ನಿಲ್ಲುವವರೆಗೆ ಉಜ್ಜಿ. ಆಸಿಡ್ ಉಳಿದರೆ ಯಾವ ಪೇಂಟೂ ನಿಲ್ಲುವುದಿಲ್ಲ. ಫೈರ್‌ವಾಲ್ ಮೇಲಿನ ನೀರು ಹರಿಯುವ ತೂತುಗಳಲ್ಲಿ ಹಳೇ ಎಲೆ ಕೊಳೆತು ಕೂತಿರುತ್ತದೆ, ಇಲಿ ಗೂಡೂ ಇರಬಹುದು. ತಂತಿ ಹಾಕಿ ತೆಗೆಯಿರಿ. ಮಲೆನಾಡಿನ ಕಾರಿಗೆ ತುಕ್ಕು ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತದೆ.

ತುಕ್ಕಿಗೆ ವೈರ್ ಬ್ರಷ್, 80 ನಂಬರಿನ ಉಪ್ಪು ಕಾಗದ, ಹೊಳೆಯುವ ಲೋಹ ಕಾಣುವವರೆಗೆ. ಗುಂಡಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್. ಇದು ಕೆಲಸ ಮಾಡುವ ರೀತಿ ನಮಗೆ ಹೊಸದಲ್ಲ. ಅಡಿಕೆ ಬೇಯಿಸಿದ ಚೊಗರು ಕತ್ತಿಯ ಮೇಲೆ ಬಿದ್ದರೆ ಕಬ್ಬಿಣ ಕಪ್ಪಾಗುವುದನ್ನು ನೋಡಿಯೇ ಇರುತ್ತೀರಿ. ಚೊಗರಿನ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಟ್ಯಾನಿಕ್ ಆಸಿಡ್ ಇರುವ ಕನ್ವರ್ಟರಿನಲ್ಲಿ ನಡೆಯುವುದೂ ಅದೇ ಕ್ರಿಯೆ. ಹಾಗೆಂದು ಚೊಗರನ್ನೇ ಹಚ್ಚಬೇಡಿ. ಅದರಲ್ಲಿ ಅಂಟು, ಕಸ ಏನೇನೋ ಇರುತ್ತದೆ, ಮೇಲಿನ ಪೇಂಟ್ ಹಿಡಿಯುವುದಿಲ್ಲ. ಕನ್ವರ್ಟರ್ ಹಾಕಿದ ಜಾಗಕ್ಕೆ ಎಪಾಕ್ಸಿ ಹೊಂದುತ್ತದೆಯೇ ಎಂದು ಎರಡೂ ಡಬ್ಬಿಯ ಸೂಚನೆ ಓದಿ.

ಪ್ರೈಮರ್‌ಗೆ ಎರಡು ಭಾಗದ ಎಪಾಕ್ಸಿಯೇ ಆಗಬೇಕು. ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ತೇವವನ್ನು ಒಳಗೆ ಬಿಡುತ್ತದೆ, ಪಿಯು ಥಿನ್ನರ್ ತಾಗಿದರೆ ಏಳುತ್ತದೆ. ಎಪಾಕ್ಸಿ ಒಣಗಿದ ಮೇಲೆ ತಗಡು ಜೋಡಣೆಯ ಸಂದುಗಳಿಗೆಲ್ಲ ಸೀಮ್ ಸೀಲರ್ ಬೆರಳಲ್ಲಿ ಒತ್ತಿ ತುಂಬಿ. ಈ ಒಂದು ಕೆಲಸ ಬಿಟ್ಟರೆ ಉಳಿದದ್ದೆಲ್ಲ ದಂಡ.

ಚಾಸಿ ನಂಬರ್ ಕೊರೆದ ಜಾಗಕ್ಕೆ ತಯಾರಿಯ ಮೊದಲೇ ಟೇಪ್ ಅಂಟಿಸಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆಗ ಆರ್‌ಟಿಓ ಕಚೇರಿಯಲ್ಲಿ ಆ ನಂಬರನ್ನು ನೋಡುತ್ತಾರೆ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಡಿ ಎನ್ನುವುದೂ ಉಂಟು. ದಪ್ಪ ಪ್ರೈಮರಿನಲ್ಲಿ ಅಂಕಿ ಮುಚ್ಚಿಹೋದರೆ, ಉಪ್ಪು ಕಾಗದದಲ್ಲಿ ಸವೆದರೆ ಅದು ಪೇಂಟಿಗಿಂತ ದೊಡ್ಡ ತಲೆನೋವು. ಅಲ್ಲಿ ಕೈಯಲ್ಲಿ ಉಜ್ಜಿ, ತೆಳ್ಳಗೆ ಒಂದೇ ಕೋಟ್ ಸಾಕು.

ಹೊಡೆಯುವ ದಿನ

ಫಿಯೆಟ್ ಗಾತ್ರದ ಕಾರಿನ ಬಾನೆಟ್ ಒಳಭಾಗಕ್ಕೆ ಬೆರೆಸಿದ ಪೇಂಟ್ ಒಂದು ಲೀಟರ್ ಸಾಕು, ಸ್ವಲ್ಪ ಉಳಿಯುತ್ತದೆ ಕೂಡ. ಪ್ರೈಮರನ್ನು 320ರಿಂದ 400 ನಂಬರಿನಲ್ಲಿ ಉಜ್ಜಿ, ಅಂಟು ಬಟ್ಟೆಯಲ್ಲಿ ಧೂಳು ಹಿಡಿಯಿರಿ. ದೊಡ್ಡ ಗನ್ ಬಾನೆಟ್ ಒಳಗಿನ ಮೂಲೆಗಳಿಗೆ ತಿರುಗುವುದಿಲ್ಲ, 1 ಮಿ.ಮೀ. ಸುಮಾರಿನ ನಾಜಲ್ ಇರುವ ಚಿಕ್ಕ ಟಚಪ್ ಗನ್ ತೆಗೆದುಕೊಳ್ಳಿ. ಮೊದಲು ಮೂಲೆ, ಸಂದು, ಬೋಲ್ಟಿನ ಸುತ್ತ. ಆಮೇಲೆ ಅಗಲ ತಗಡು. ಅಗಲ ತಗಡು ಮೊದಲು ಹೊಡೆದರೆ ಮೂಲೆಯಿಂದ ಮರಳಿ ಬರುವ ಪೇಂಟಿನ ಧೂಳು ಅದರ ಮೇಲೆ ಒರಟಾಗಿ ಕೂರುತ್ತದೆ. ತೆಳ್ಳಗಿನ ಎರಡು ಕೋಟ್, ನಡುವೆ ಹತ್ತು-ಹದಿನೈದು ನಿಮಿಷ. ಸ್ಯಾಟಿನ್‌ಗೆ ಈ ಅಂತರ ಇನ್ನೂ ಮುಖ್ಯ, ಹಸಿ ಮೇಲೆ ಹಸಿ ಬಿದ್ದರೆ ಹೊಳಪು ತೇಪೆ ತೇಪೆಯಾಗುತ್ತದೆ. ಹಾರ್ಡನರ್ ಬೆರೆಸಿದ್ದು ಸಂಜೆವರೆಗೆ ಬಾರದು, ಡಬ್ಬಿಯ ಅಳತೆ ನೋಡಿ ಬೇಕಾದಷ್ಟೇ ಕಲಸಿ.

ಮಾಸ್ಕಿಂಗಿಗೆ ಹಳೇ ಪೇಪರ್ ಒಂದೇ ಪದರ ಬೇಡ, ಥಿನ್ನರ್ ಇಳಿದು ಅಕ್ಷರ ತಗಡಿಗೆ ಅಚ್ಚಾಗುತ್ತದೆ. ಬ್ಯಾಟರಿಯ ಅರ್ಥ್ ಪಟ್ಟಿ ಕೂರುವ ಜಾಗ, ರೆಗ್ಯುಲೇಟರಿನ ಬೋಲ್ಟ್ ಕಚ್ಚುವ ಜಾಗಕ್ಕೆ ಟೇಪ್ ಇಟ್ಟು ಬರಿ ಲೋಹ ಉಳಿಸಿ. ಚೆಂದದ ಕಪ್ಪು ಹೊಡೆದು ಜೋಡಿಸಿದ ಮೇಲೆ ಸ್ಟಾರ್ಟರ್ ತಿರುಗದಿದ್ದರೆ ಮೊದಲು ನೋಡಬೇಕಾದ್ದು ಇದೇ. ಜೋಡಿಸಿದ ನಂತರ ಆ ಲೋಹಕ್ಕೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಪೇಂಟ್ ಒಂದೇ ದಿನಕ್ಕೆ ಒಣಗಿದಂತೆ ಕಾಣುತ್ತದೆ, ಆದರೆ ನಮ್ಮ ಹವೆಯಲ್ಲಿ ಪಿಯು ಪೂರ್ತಿ ಗಟ್ಟಿಯಾಗಲು ಒಂದು ವಾರವಾದರೂ ಬೇಕು. ಆ ವಾರ ಬಾನೆಟ್ ತೆರೆದಿಟ್ಟು, ಹಳೇ ಸೀರೆ ಮುಚ್ಚಿ, ಬಿಡಿ ಭಾಗಗಳನ್ನು ತಂತಿಗೆ ನೇತುಹಾಕಿಡಿ. ಬೋಲ್ಟ್ ಬಿಗಿಯುವಾಗ ಪ್ರತಿಯೊಂದಕ್ಕೂ ವಾಷರ್ ಇಡಿ. ಇಲ್ಲದಿದ್ದರೆ ತಲೆ ತಿರುಗಿ ಪೇಂಟ್ ಸುಲಿಯುತ್ತದೆ. ಉಳಿದ ಪೇಂಟನ್ನು ಹಾರ್ಡನರ್ ಬೆರೆಸದೆ ಗಾಜಿನ ಬಾಟಲಿಯಲ್ಲಿ ತುಂಬಿ, ಕಂಪನಿ, ಕೋಡ್, ಮ್ಯಾಟಿಂಗ್ ಏಜೆಂಟಿನ ಅಳತೆ, ತಿಂಗಳು, ವರ್ಷ ಬರೆದು ಅಂಟಿಸಿ. ಎಂಜಿನ್ ಇಳಿಸಿ ಕೂರಿಸುವಾಗ ಎಲ್ಲಾದರೂ ಒಂದು ಗೀರು ಬಿದ್ದೇ ಬೀಳುತ್ತದೆ, ಅದನ್ನು ಮಳೆಗಾಲಕ್ಕೆ ಮೊದಲು ಮುಚ್ಚಲು ಅದೇ ಕಪ್ಪು ಬೇಕು. ಬ್ರೇಕ್ ಆಯಿಲ್ ತುಂಬುವುದನ್ನು ಎಲ್ಲಕ್ಕಿಂತ ಕೊನೆಗೆ, ಆ ವಾರ ಕಳೆದ ಮೇಲೆ ಇಟ್ಟುಕೊಳ್ಳಿ. ಪಕ್ಕದಲ್ಲೊಂದು ಚೊಂಬು ನೀರು ಇರಲಿ.